ಹೆಚ್ಚುಕಮ್ಮಿ ಇಲ್ಲದ ವರ್ಷ

ನಮ್ಮಜ್ಜಿ ಏನು ಹೇಳಲು ಹೊರಟರೂ ಮೊದಲು ಯಾರ್ಯಾರು ಎಲ್ಲೆಲ್ಲಿ ಕೂತಿದ್ದರು ಅನ್ನುವುದನ್ನು ಹೇಳಿ ಮುಗಿಸುತ್ತಿದ್ದರು. ಜನ ಕೂತ ಮೇಲೆ ಮಾತು ತಾನಾಗಿ ಹೊರಡುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ನಾನೂ ಮೊದಲು ಎಲ್ಲರನ್ನೂ ಕೂರಿಸುತ್ತೇನೆ. ಮೈಸೂರಿನ ಗೋಕುಲಂನಲ್ಲಿ ಒಂದು ಹಳೆಯ ಹೆಂಚಿನ ಮನೆ. ಮುಂದಿನ ಕೋಣೆಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಬಿಗಿದು, ಒಂದು ಸೂಕ್ಷ್ಮದರ್ಶಕದ ಮುಂದೆ ನಾನು. ಹಿಂದಿನ ಕೋಣೆಯಲ್ಲಿ, ಅಂಥದ್ದೇ ಇನ್ನೊಂದರ ಮುಂದೆ, ಜಯಕ್ಕ. ನಡುಮನೆಯಲ್ಲಿ ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು, ಭೌತಶಾಸ್ತ್ರ ಕಲಿಸುವ ಮೇಷ್ಟ್ರು. ಹಿಂದೆ ಯಾರದೋ ಊಟದ ಮನೆಯಾಗಿದ್ದ ಜಾಗದಲ್ಲಿ, ಮೇಜಿನ ತುಂಬ ಕಾಗದ ಹರಡಿಕೊಂಡು, ಪಿಎಚ್.ಡಿ. ಮಾಡುತ್ತಿದ್ದ ರಾಜಶೇಖರ. ಇಷ್ಟೇ ಜನ. ತೊಂಬತ್ತರ ದಶಕದ ನಡುವಿನ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ನಾವು ನಾಲ್ವರು ಹೀಗೆ ಕೂತಿದ್ದೆವು. ಅಷ್ಟರಲ್ಲಿ ಜಯಕ್ಕನ ಕಣ್ಣು ಹೋಯಿತು. ಹೋಗುವುದಕ್ಕೆ ನಾನು ಕೈಲಾದಷ್ಟು ಸಹಾಯ ಮಾಡಿದೆ. ಪ್ರೀತಿಯಿಂದಲೇ ಮಾಡಿದೆ.

ಇದೆಲ್ಲ ಈಗ ಮತ್ತೆ ಎದ್ದು ಕೂತದ್ದು ಒಂದು ವಾಸನೆಯಿಂದ. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡು ಬರುವಾಗ, ಅತ್ತರಿನ ಅಂಗಡಿಯ ಸಾಹೇಬರು ಕರೆದು ಒಂದು ಸೀಸೆಯ ಬಿರಡೆ ತೆಗೆದು ನನ್ನ ಮಣಿಕಟ್ಟಿಗೆ ಸವರಿದರು. "ದೇವದಾರು ಎಣ್ಣೆ ಕಣಮ್ಮ. ಬೆಟ್ಟದ ಮೇಲಿನ ಸರಕು. ಮೂಸಿ ನೋಡಿ." ಮೂಸಿದೆ. ಹೂವಿನ ಪೊಟ್ಟಣ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಸೋಪು ಹಾಕಿ ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಆ ವರ್ಷ ಪೂರ್ತಿ ನಮ್ಮ ಬೆರಳುಗಳಲ್ಲಿ ಇದ್ದದ್ದು ಇದೇ ವಾಸನೆ. ತೀರ ಸಣ್ಣದನ್ನು ದೊಡ್ಡದು ಮಾಡಿ ನೋಡಬೇಕಾದಾಗ ಸೂಕ್ಷ್ಮದರ್ಶಕದ ಮಸೂರಕ್ಕೂ ಕೆಳಗಿನ ಗಾಜಿಗೂ ನಡುವೆ ಒಂದು ತೊಟ್ಟು ದೇವದಾರು ಎಣ್ಣೆ ಬಿಡಬೇಕು. ನಾವು ದಿನಕ್ಕೆ ಎಷ್ಟು ತೊಟ್ಟು ಬಿಡುತ್ತಿದ್ದೆವೋ, ಊಟದ ಡಬ್ಬಿಯ ಮೊಸರನ್ನಕ್ಕೂ ಅದೇ ಘಮ.

ನಾನು ಅಲ್ಲಿಗೆ ಸೇರಿದ್ದು ದೊಡ್ಡ ಓದಿನಿಂದೇನಲ್ಲ. ಬಿ.ಎಸ್ಸಿ.ಯ ಒಂದು ಪೇಪರು ಉಳಿಸಿಕೊಂಡು ನಜರ್‌ಬಾದಿನ ಮನೆಯಲ್ಲಿ ಕೂತಿದ್ದೆ. ನಮ್ಮಪ್ಪನದು ವಿಭೂತಿ, ಊದುಬತ್ತಿ, ರುದ್ರಾಕ್ಷಿ ಮಾರುವ ಅಂಗಡಿ. ಮೇಷ್ಟ್ರು ಅಲ್ಲಿಗೆ ಗಟ್ಟಿ ವಿಭೂತಿಗಾಗಿ ಬರುವವರು. ಒಂದು ದಿನ ನಾನು ಅಂಗಡಿಯ ದೀಪದಲ್ಲಿ ಅಕ್ಕನ ಸೀರೆಗೆ ಸಣ್ಣ ಮಣಿ ಹೊಲಿಯುತ್ತಿದ್ದದ್ದನ್ನು ನೋಡಿ, "ಈ ಮಗು ಕಣ್ಣು ನನಗೆ ಬೇಕಲ್ಲಾ ಸ್ವಾಮಿ" ಅಂದರು. ಅಪ್ಪ ಗಾಬರಿಯಾದರು. ಆಮೇಲೆ ಮೇಷ್ಟ್ರು ಕೂತು ವಿವರಿಸಿದರು.

ವಿವರ ಇಷ್ಟೇ. ಹೊರದೇಶದ ಒಂದು ದೊಡ್ಡ ಯಂತ್ರದಲ್ಲಿ ಅತಿ ಸಣ್ಣ ಕಣಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಓಡಿಸಿ, ಫೋಟೋ ಫಿಲ್ಮಿನ ಲೇಪವನ್ನು ದಪ್ಪಗೆ ಬಳಿದ ಗಾಜಿನ ಪ್ಲೇಟುಗಳೊಳಗೆ ನುಗ್ಗಿಸುತ್ತಾರೆ. ಆ ಪ್ಲೇಟುಗಳನ್ನು ತೊಳೆದು ಒಣಗಿಸಿ ನಮ್ಮಂಥ ಊರುಗಳಿಗೂ ಹಂಚುತ್ತಾರೆ. ಕಣ ಹೋದ ದಾರಿಯಲ್ಲೆಲ್ಲ ಕಪ್ಪು ಕಾಳುಗಳು ಇರುವೆ ಸಾಲಿನ ಹಾಗೆ ಬಿದ್ದಿರುತ್ತವೆ. ಎಲ್ಲಾದರೂ ಒಂದು ಕಣ ಪರಮಾಣುವಿನ ನಡುವಿನ ಬೀಜಕ್ಕೆ ಢಿಕ್ಕಿ ಹೊಡೆದಿದ್ದರೆ, ಅಲ್ಲಿಂದ ಹತ್ತಾರು ಗೆರೆ ಸಿಡಿದಿರುತ್ತವೆ. ಮೇಷ್ಟ್ರು ಅದನ್ನು ಸ್ಟಾರ್ ಅನ್ನುತ್ತಿದ್ದರು. ಜಯಕ್ಕ ಚುಕ್ಕಿ ಅನ್ನುತ್ತಿದ್ದರು, ನನಗೂ ಚುಕ್ಕಿಯೇ ರೂಢಿಯಾಯಿತು. ಒಂದು ಪ್ಲೇಟಿನಲ್ಲಿ ಎಷ್ಟು ಚುಕ್ಕಿ ಇವೆ ಅನ್ನುವುದು ಸರಿಯಾಗಿ ಗೊತ್ತಾದರೆ, ಒಂದು ಕಣ ಸರಾಸರಿ ಎಷ್ಟು ದೂರ ಹೋದ ಮೇಲೆ ಢಿಕ್ಕಿ ಹೊಡೆಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಆ ಒಂದು ದೂರವೇ ರಾಜಶೇಖರನ ಥೀಸಿಸ್ಸು. ಹುಡುಕುವುದು ನಮ್ಮಿಬ್ಬರ ಕೆಲಸ.

ಜಯಕ್ಕ ಮೇಟಗಳ್ಳಿಯಿಂದ ನಡೆದು ಬರುತ್ತಿದ್ದರು. ನಲವತ್ತರ ಮೇಲೆ ಎರಡೋ ಮೂರೋ. ಹೊಲದ ಕೆಲಸ ಮಾಡಿ ಬೆಳೆದ ಒಕ್ಕಲಿಗರ ಹೆಣ್ಣುಮಗಳು, ಗಂಡ ಅಲ್ಲಿಯ ಒಂದು ಕಾರ್ಖಾನೆಯಲ್ಲಿದ್ದವರು ತೀರಿಹೋಗಿದ್ದರು, ಮಗಳು ಮಂಜುಳ ಹೈಸ್ಕೂಲಿನಲ್ಲಿದ್ದಳು. ಏಳನೇ ಕ್ಲಾಸಿನ ಓದು, ಆದರೆ ಆ ಮನೆಯಲ್ಲಿ ಅವರ ಕಣ್ಣಿಗೆ ಎಲ್ಲರೂ ತಲೆಬಾಗುತ್ತಿದ್ದರು. ನನಗೆ ಕೆಲಸ ಕಲಿಸಿದವರೇ ಅವರು. ಮೊದಲ ವಾರ ನನಗೆ ಬರೀ ಮಸಿ ಕಂಡಿತು. ತಲೆನೋವು ಬಂದು ಅಳುತ್ತ ಕೂತಿದ್ದೆ. ಜಯಕ್ಕ ಹಿಂದೆ ಬಂದು ನಿಂತು ನನ್ನ ಕೈಮೇಲೆ ಕೈಯಿಟ್ಟು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು.

"ಹುಡುಕ್ಬ್ಯಾಡ ಕಣವ್ವ. ಹುಡುಕುದ್ರೆ ಸಿಗಾಕಿಲ್ಲ. ಸುಮ್ಕೆ ನೋಡ್ತಾ ಇರು, ಅದೇ ಬಂದು ಕೂತ್ಕತದೆ."

ಬಂದು ಕೂತಿತು. ನನ್ನ ಮೊದಲ ಚುಕ್ಕಿ ಕಂಡದ್ದು ಅವರ ಕೈಕೆಳಗೆ.

ಮೇಷ್ಟ್ರದು ಒಂದು ಕಟ್ಟುನಿಟ್ಟು ಇತ್ತು. ಒಂದೇ ಪ್ಲೇಟನ್ನು ಇಬ್ಬರೂ ನೋಡಬೇಕು, ಆದರೆ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಮೊದಲು ನಾನು ನೋಡಿ, ಯಾವ ಚುಕ್ಕಿ ಎಲ್ಲಿದೆ ಅಂತ ಪುಸ್ತಕದಲ್ಲಿ ಬರೆದು, ಸಂಜೆ ಮುಚ್ಚಿದ ಪುಸ್ತಕವನ್ನು ಅವರ ಕೈಗೇ ಕೊಡಬೇಕು. ಅದು ಬೀರುವಿನೊಳಗೆ ಹೋಗುತ್ತಿತ್ತು. ವಾರದ ಮೇಲೆ ಪ್ಲೇಟು ಜಯಕ್ಕನ ಕೋಣೆಗೆ. ಯಾಕೆ ಎರಡು ಸಲ ಅಂತ ನಾನು ಕೇಳಿದ್ದಕ್ಕೆ ಮೇಷ್ಟ್ರು ಅಕ್ಕಿಯ ಮಾತು ತೆಗೆದರು.

"ನಿಮ್ಮಜ್ಜಿ ಮೊರದಲ್ಲಿ ಅಕ್ಕಿ ಆರಿಸ್ತಾರೆ ಅಂತಿಟ್ಕೋಮ್ಮ. ಕಲ್ಲೆಲ್ಲ ತೆಗೆದೆ ಅಂತಾರೆ. ಅದನ್ನೇ ನೀನು ಇನ್ನೊಂದು ಸಲ ಆರಿಸ್ತೀಯ. ನಿನಗೊಂದು ಕಲ್ಲು ಸಿಕ್ಕಿದರೆ ಸರಿ, ಅಕ್ಕಿ ಹಸನಾಗಿದೆ. ಹತ್ತು ಸಿಕ್ಕಿದರೆ? ಇಬ್ಬರ ಕಣ್ಣಿಗೂ ಬೀಳದೆ ಇನ್ನೂ ಅಷ್ಟೋ ಇಷ್ಟೋ ಇದೆ ಅಂತ ಅರ್ಥ. ಯಾರೂ ಕಾಣದ್ದು ಎಷ್ಟಿದೆ ಅಂತ ಲೆಕ್ಕ ಹಾಕೋದಕ್ಕೆ ಇದೊಂದೇ ದಾರಿ."

ಆ ಲೆಕ್ಕದ ಕೊನೆಗೆ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಕೂಡುವ ಗುರುತು, ಅದರ ಕೆಳಗೆ ಒಂದು ಕಳೆಯುವ ಗುರುತು ಹಾಕಿ ಒಂದು ಸಣ್ಣ ಸಂಖ್ಯೆ ಬರೆಯುತ್ತಿದ್ದರು. ಓದುವಾಗ ಇಂಗ್ಲಿಷ್ ಬಿಟ್ಟು "ಇಷ್ಟು, ಹೆಚ್ಚುಕಮ್ಮಿ ಇಷ್ಟು" ಅನ್ನುತ್ತಿದ್ದರು. ನಮ್ಮ ಅಳತೆಯ ಎರಡೂ ಪಕ್ಕದಲ್ಲಿ ನಮಗೆ ಎಷ್ಟು ಗೊತ್ತಿಲ್ಲವೋ ಅಷ್ಟು. ನಮಗೆ ಅರ್ಥವಾಗಲಿ ಅಂತಲೇ ಅವರು ಆ ಪದ ಆರಿಸಿದ್ದು. ಆದರೆ ನಾವು ಆ ಪದ ಕಲಿತದ್ದು ಬೇರೆ ಕಡೆ. ಹೆರಿಗೆಗೆ ಹೋದವಳಿಗೆ ಹೆಚ್ಚುಕಮ್ಮಿ ಆಯಿತಂತೆ ಅಂದರೆ ನಮ್ಮಜ್ಜಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಜಯಕ್ಕನಿಗೂ ಹಾಗೇ. ಗಂಡನ ಸುದ್ದಿಯನ್ನು ಕಾರ್ಖಾನೆಯಿಂದ ಬಂದವರು ಆ ಮಾತಿನಲ್ಲೇ ಹೇಳಿದ್ದರಂತೆ.

"ಒತ್ತಾರೆ ಬಂದು ಕೂತ್ಕಳೋ ಮುಂಚೇನೆ ಎಚ್ಚುಕಮ್ಮಿ ಎಚ್ಚುಕಮ್ಮಿ ಅಂತಾರಲ್ಲ ಈ ಮೇಷ್ಟ್ರು, ಬಾಯಿಗೆ ಬ್ಯಾರೆ ಮಾತು ಬರಾಕಿಲ್ವ" ಅಂತ ಜಯಕ್ಕ ಗೊಣಗುತ್ತಿದ್ದರು. ರಾಜಶೇಖರ ಕಾಗದದಿಂದ ತಲೆಯೆತ್ತಿ, "ಕಮ್ಮಿ ಬರ್ಲಿ ಅಂತ ಹರಸಿ ಜಯಮ್ಮನೋರೇ, ನನ್ನ ಡಾಕ್ಟರ್ ಪಟ್ಟ ಅದರಲ್ಲೇ ಇರೋದು" ಅನ್ನುತ್ತಿದ್ದ. "ನಿಂಗೆ ಏನೂ ಎಚ್ಚುಕಮ್ಮಿ ಆಗ್ದಿರ್ಲಿ ಕಣಪ್ಪ" ಅಂತ ಜಯಕ್ಕ ನಿಜವಾಗಿಯೂ ಹರಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಆಷಾಢದ ಗಾಳಿ ಶುರುವಾದಾಗ ಮೊದಲ ನಾಲ್ಕು ಪ್ಲೇಟಿನ ಲೆಕ್ಕ ಹಲಗೆಯ ಮೇಲೆ ಬಂತು. ಹೆಂಚಿನ ಸಂದಿಯಿಂದ ಧೂಳು ಉದುರುತ್ತಿತ್ತು, ಮೇಷ್ಟ್ರು ಬರೆದದ್ದರ ಮೇಲೆ ಕೈಯಾಡಿಸಿ ಮತ್ತೆ ಬರೆಯುತ್ತಿದ್ದರು. ನಾನು ಕಂಡ ನೂರು ಚುಕ್ಕಿಗಳಲ್ಲಿ ಜಯಕ್ಕ ಕಂಡಿದ್ದದ್ದು ಎಪ್ಪತ್ತನಾಲ್ಕು. ಹಿಂದಿನ ವರ್ಷಗಳಲ್ಲಿ ತೊಂಬತ್ತರ ಕೆಳಗೆ ಇಳಿಯದ ಕಣ್ಣು ಅದು. ಮೇಷ್ಟ್ರು ಜೋರಾಗಿ ಏನೂ ಹೇಳಲಿಲ್ಲ. "ಎಂಬತ್ತರ ಕೆಳಗೆ ಹೋದರೆ ಲೆಕ್ಕಕ್ಕೆ ಇಟ್ಟುಕೊಳ್ಳೋಕಾಗಲ್ಲ ಜಯಮ್ಮ. ಹೀಗೇ ಆದರೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತೆ" ಅಂದರು, ಅಷ್ಟೇ.

ರಾಜಶೇಖರ ಒಂದು ಮಾತು ಸೇರಿಸಿದ. "ಒಂದು ವಿಚಿತ್ರ ಸಾರ್. ಜಯಮ್ಮನೋರು ಬಿಟ್ಟಿರೋದೆಲ್ಲ ಅಂಚಿನವು. ಕಣ್ಣಿಟ್ಟು ನೋಡೋ ದುಂಡನೆಯ ಜಾಗ ಇದೆಯಲ್ಲ, ಅದರ ನಡುವೆ ಇರೋದು ಒಂದೂ ತಪ್ಪಿಲ್ಲ. ಸುತ್ತ ಅಂಚಿನಲ್ಲಿ ಇರೋದೇ ತಪ್ಪಿರೋದು. ಮುಂದಿನ ಪ್ಲೇಟುಗಳಲ್ಲೂ ಹೀಗೇ ಬಂದರೆ ಏನೋ ಕಾರಣ ಇರಬೇಕು. ಆ ಮಸೂರವೋ, ದೀಪವೋ."

"ಅಥವಾ ಕಣ್ಣೋ" ಅಂದರು ಮೇಷ್ಟ್ರು. "ನೋಡೋಣ, ಇನ್ನೆರಡು ಪ್ಲೇಟು ಬರಲಿ."

ಜಯಕ್ಕ ಆ ಭಾನುವಾರವೇ ಮೇಟಗಳ್ಳಿಯಲ್ಲಿ ಯಾರೋ ನಡೆಸಿದ ಕಣ್ಣಿನ ಶಿಬಿರಕ್ಕೆ ಹೋಗಿ ಬಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟ ಓದಿದರಂತೆ. ಶಿಬಿರದವರು ಕನ್ನಡಕವೂ ಬೇಡ ಅಂದರಂತೆ. ಕಣ್ಣಲ್ಲಿ ಏನೂ ಇಲ್ಲ ಅಂದಮೇಲೆ ಉಳಿದದ್ದು ಒಂದೇ, ಅಜಾಗರೂಕತೆ. ಆ ಮಾತು ಅವರನ್ನು ಚುಚ್ಚಿತು. ಅಕ್ಕಿಯಲ್ಲಿ ಕಲ್ಲು ಬಿಡುವ ಹೆಂಗಸು ಅನ್ನಿಸಿಕೊಳ್ಳುವುದಕ್ಕಿಂತ ಕೆಲಸ ಹೋಗುವುದೇ ವಾಸಿ ಅನ್ನುವ ಹಾಗಿದ್ದರು. ಆದರೆ ಕೆಲಸ ಹೋಗುವುದೂ ಸಾಧ್ಯವಿರಲಿಲ್ಲ. ಮಂಜುಳ ಮುಂದೆ ಓದಬೇಕಿತ್ತು.

ಹಿತ್ತಲ ಜಗಲಿಯ ಮೇಲೆ ನಾವಿಬ್ಬರು ಊಟಕ್ಕೆ ಕೂರುತ್ತಿದ್ದೆವು. ಕಾಂಪೌಂಡಿನಾಚೆ ಯೋಗ ಕಲಿಯಲು ಬಂದ ಬಿಳಿಯರು ಚಾಪೆ ಸುರುಳಿ ಹೆಗಲಿಗೇರಿಸಿ ಹೋಗುತ್ತಿದ್ದರು. "ಅಷ್ಟು ದೂರದಿಂದ ಇಮಾನದಲ್ಲಿ ಬಂದು ತಲೆ ಕೆಳಗೆ ಮಾಡ್ಕಂಡು ನಿಂತ್ಕತವೆ ಕಣೆ" ಅಂತ ಜಯಕ್ಕ ದಿನವೂ ಒಂದೇ ಜೋಕು ಹೊಡೆಯುತ್ತಿದ್ದರು. ಆವತ್ತು ಹೊಡೆಯಲಿಲ್ಲ. ಮುದ್ದೆ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು.

"ಗಿರ್ಜಾ, ನೀನು ನೋಡಿದ ಚುಕ್ಕಿ ಎಲ್ಲೆಲ್ಲವೆ ಅಂತ ನಂಗೊಂದು ಚೀಟಿ ಬರ್ಕೊಡ್ತೀಯಾ?"

ನಾನು ತುತ್ತು ಡಬ್ಬಿಯಲ್ಲೇ ಬಿಟ್ಟೆ.

"ಸುಳ್ಳು ಬರೆಯಾಕಲ್ಲ ಕಣವ್ವ. ನೀ ಏಳಿದ ಜಾಗಕ್ಕೆ ಓಗಿ ನಾನೂ ಕಣ್ಣಾರೆ ನೋಡ್ತೀನಿ. ನೋಡ್ದೆ ಒಂದೂ ಬರೆಯಾಕಿಲ್ಲ. ನಡೂಕೆ ತಂದ್ಕಂಡ್ರೆ ನಂಗೆ ಬೋ ಚೆನ್ನಾಗಿ ಕಾಣ್ತವೆ."

"ಮೇಷ್ಟ್ರಿಗೆ ಗೊತ್ತಾದರೆ ಜಯಕ್ಕ?"

"ಆ ಹುಡುಗಂಗೂ ಒಳ್ಳೇದೇ ಅಲ್ವೇನೆ? ಇಬ್ರುದೂ ಒಂದೇ ಬಂದ್ರೆ ಎಚ್ಚುಕಮ್ಮಿ ಕಮ್ಮಿ ಆಯ್ತದೆ. ಅಷ್ಟೇ ತಾನೆ ಅವ್ನು ಕೇಳ್ತಿರೋದು."

ಈಗ ಯೋಚಿಸಿದರೆ ಅಲ್ಲಿ ನಾವಿಬ್ಬರೂ ಎಡವಿದ್ದು ಆ ಒಂದು ಪದದ ಮೇಲೆ. ಹೆಚ್ಚುಕಮ್ಮಿ ಅಂದರೆ ಆಗಬಾರದ್ದು, ತಪ್ಪಿಸಬೇಕಾದದ್ದು. ಒಬ್ಬರ ಮನೆಯಲ್ಲಿ ಹೆಚ್ಚುಕಮ್ಮಿ ಆಗದ ಹಾಗೆ ನೋಡಿಕೊಳ್ಳುವುದು ಒಳ್ಳೆಯವರ ಲಕ್ಷಣ. ಅಷ್ಟೇ ನಾನು ತಿಳಿದದ್ದು. ಜೊತೆಗೆ ನನ್ನ ಕೈಮೇಲೆ ಇದ್ದ ಆ ಕೈ. ಮಾರನೆಯ ದಿನದಿಂದಲೇ ಮಸೂರ ಒರೆಸುವ ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಜಾಗಗಳನ್ನು ಬರೆದು, ಮಡಿಸಿ, ಅವರ ಊಟದ ಡಬ್ಬಿಯ ಮುಚ್ಚಳದೊಳಗೆ ಇಡತೊಡಗಿದೆ. ಎಲ್ಲವೂ ಒಂದೇ ಬಂದರೆ ಅನುಮಾನ ಬರುತ್ತದೆ ಅಂತ ನೂರಕ್ಕೆ ನಾಲ್ಕೈದನ್ನು ಬಿಟ್ಟು ಬರೆಯುತ್ತಿದ್ದೆ. ಅಲ್ಲೊಂದು ಇಲ್ಲೊಂದು, ಕಣ್ಣು ಮುಚ್ಚಿ ಬೆರಳಿಟ್ಟ ಕಡೆ. ಆ ಜಾಣತನ ನನ್ನದೇ, ಜಯಕ್ಕ ಹೇಳಿಕೊಟ್ಟದ್ದಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಮತ್ತೆ ಲೆಕ್ಕ ಬಂತು. ನಾನು ನನ್ನ ಕೋಣೆಯಲ್ಲಿ ಕಣ್ಣು ಮಸೂರಕ್ಕಿಟ್ಟು, ಕಿವಿಯನ್ನು ನಡುಮನೆಗೆ ಇಟ್ಟಿದ್ದೆ.

"ತೊಂಬತ್ತಾರು ಸಾರ್" ಅಂದ ರಾಜಶೇಖರ. "ತಪ್ಪಿರೋ ನಾಲ್ಕೂ ಎಲ್ಲೆಲ್ಲೋ ಇವೆ. ಅಂಚಿಗೂ ಅದಕ್ಕೂ ಸಂಬಂಧ ಇಲ್ಲ. ಆವತ್ತಿಂದು ಬರೀ ಆಕಸ್ಮಿಕ ಅಂತ ಕಾಣುತ್ತೆ, ಬಿಟ್ಟುಬಿಡೋಣ."

"ಬಿಡು ಹಾಗಾದರೆ" ಅಂದರು ಮೇಷ್ಟ್ರು. "ಜಯಮ್ಮ ಮತ್ತೆ ದಾರಿಗೆ ಬಂದರು."

ನಾನು ದೊಡ್ಡದಾಗಿ ಉಸಿರು ಬಿಟ್ಟೆ.

ರಾಜಶೇಖರನ ಸಂಖ್ಯೆ ದಿನದಿನಕ್ಕೆ ಚೂಪಾಯಿತು. ಹೊರಗಿನ ಒಂದು ಪ್ರಯೋಗಾಲಯದವರು ಇದೇ ದೂರವನ್ನು ಮೊದಲೇ ಅಳೆದಿದ್ದರು. ನಮ್ಮದು ಅವರಿಗಿಂತ ಜಾಸ್ತಿ ಬರುತ್ತಿತ್ತು, ಮತ್ತು ನಮ್ಮ ಹೆಚ್ಚುಕಮ್ಮಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವರ ಹೆಚ್ಚುಕಮ್ಮಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅಂದರೆ ನಮಗೆ ಏನೋ ಹೊಸದು ಸಿಕ್ಕಿದೆ. ರಾಜಶೇಖರ ನಡುಮನೆಯಲ್ಲಿ ಓಡಾಡುವುದೇ ಬದಲಾಯಿತು. ಒಂದು ದಿನ ನಮಗೆಲ್ಲ ಮೈಸೂರು ಪಾಕು ತಂದು, ಜಯಕ್ಕನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಅವನ ತಲೆ ಮುಟ್ಟಿ ಹರಸಲು ಹೋದ ಜಯಕ್ಕನ ಕೈ, ತಲೆ ಬಿಟ್ಟು ಪಕ್ಕದ ಗಾಳಿಯಲ್ಲಿ ಒಂದು ಕ್ಷಣ ಹುಡುಕಿತು. ನಾನು ನೋಡಿದೆ. ಸಂಕೋಚಕ್ಕೆ ಅಂದುಕೊಂಡೆ.

ಇಂಥವು ಬಹಳ ಇದ್ದವು. ಬೀರುವಿನ ತೆರೆದ ಬಾಗಿಲಿಗೆ ಹಣೆ ಬಡಿಸಿಕೊಂಡರು. ಪಕ್ಕದಲ್ಲಿಟ್ಟ ಕಾಫಿ ಲೋಟ ಮೊಣಕೈಗೆ ತಾಗಿ ದಿನಕ್ಕೊಂದು ಚೆಲ್ಲಿತು. ದಸರೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮಂಜುಳನನ್ನೂ ಕರೆದುಕೊಂಡು ಅರಮನೆಯ ಮುಂದೆ ನಿಂತಿದ್ದೆವು. ಇಡೀ ಅರಮನೆ ಒಮ್ಮೆಗೇ ಹೊತ್ತಿಕೊಂಡಿತು. ಜನ ಹೋ ಅಂದರು. ಜಯಕ್ಕ ಕತ್ತನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿದರು, ಗೋಡೆಯ ಮೇಲೆ ಬರೆದ ಏನನ್ನೋ ಓದುವವರ ಹಾಗೆ. ಆಮೇಲೆ ಅಂದರು, "ಈ ಸಲ ಅರ್ಮನೆ ಚಿಕ್ಕದಾಗಿ ಕಾಣ್ತದೆ ಕಣೆ."

"ನಿಮಗೆ ವಯಸ್ಸಾಯ್ತು ಜಯಕ್ಕ" ಅಂತ ನಾನು ನಕ್ಕೆ. ಅವರೂ ನಕ್ಕರು. ಹಿಂದಿರುಗುವಾಗ ನನ್ನ ತೋಳು ಬಿಡಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ, ಮೇಟಗಳ್ಳಿಯಿಂದ ಬರುವ ದಾರಿಯಲ್ಲಿ ರಸ್ತೆ ದಾಟುತ್ತಿದ್ದಾಗ, ಪಕ್ಕದಿಂದ ಬಂದ ಹಾಲಿನವನ ಸೈಕಲ್ಲಿಗೆ ಸಿಕ್ಕಿ ಬಿದ್ದರು. ಬೆಲ್ಲು ಹೊಡೆದೆ, ಕೂಗಿದೆ, ಆಯಮ್ಮ ನೆಟ್ಟಗೆ ಬಂದುಬಿಟ್ಟರು ಅಂತ ಅವನು ಗೋಳಾಡಿದನಂತೆ. ಕೈಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುತ್ತಿದ್ದ ಡಾಕ್ಟರು, ಪಕ್ಕದಿಂದ ಚಾಚಿದ ತಮ್ಮ ಕೈ ಇವರಿಗೆ ಕಾಣುತ್ತಲೇ ಇಲ್ಲ ಅನ್ನುವುದನ್ನು ಗಮನಿಸಿ ಕಣ್ಣಿನ ವಿಭಾಗಕ್ಕೆ ಕಳಿಸಿದರು. ನಾನು ಜೊತೆಯಲ್ಲಿದ್ದೆ. ಅಲ್ಲಿ ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಿಸಿ, ಸುತ್ತ ಅಲ್ಲಲ್ಲಿ ಸಣ್ಣ ಬೆಳಕು ಮಿಣುಕಿಸಿ, ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ಜಯಕ್ಕ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತ ಕೂತರು. ಒತ್ತಿದ್ದು ಬಹಳ ಕಡಿಮೆ.

ಕಣ್ಣಿನ ಡಾಕ್ಟರಮ್ಮ ಒಂದು ಕಾಗದ ತೋರಿಸಿದರು. ದುಂಡನೆಯ ಕಪ್ಪು, ನಡುವೆ ಎಂಟಾಣೆಯಷ್ಟು ಬಿಳುಪು. "ಕಣ್ಣೊಳಗೆ ಒತ್ತಡ ವಿಪರೀತ ಇದೆ. ನೋವು ಇರಲ್ಲ, ಅಕ್ಷರ ಓದೋದಕ್ಕೂ ತೊಂದರೆ ಇರಲ್ಲ. ಅದಕ್ಕೇ ಗೊತ್ತಾಗಲ್ಲ. ಇದು ಅಂಚಿನಿಂದ ಶುರುವಾಗುತ್ತೆ. ನಾಲ್ಕೈದು ತಿಂಗಳ ಹಿಂದೆ ಬಂದಿದ್ದರೂ ಇದ್ದಷ್ಟನ್ನ ಔಷಧಿ ಹಾಕಿ ಉಳಿಸಿಕೊಳ್ಳಬಹುದಿತ್ತು. ಹೋಗಿರೋದು ಇನ್ನು ಬರಲ್ಲಮ್ಮ. ನಿಮ್ಮನೇಲಿ ಯಾರಿಗಾದರೂ ಹೀಗೆ ಆಗಿತ್ತಾ?"

"ನಮ್ಮವ್ವಂಗೆ ಕೊನೆಗೆ ಕಾಣ್ತಿರ್ಲಿಲ್ಲ. ವಯಸ್ಸಿಗೆ ಅಂದ್ಕಂಡಿದ್ವಿ" ಅಂದರು ಜಯಕ್ಕ.

ನನಗೆ ಕೇಳಿಸುತ್ತಿದ್ದದ್ದು ಒಂದೇ ಮಾತು, ಅಂಚು. ಆಷಾಢದಲ್ಲಿ ರಾಜಶೇಖರ ಹಲಗೆಯ ಮುಂದೆ ನಿಂತು ಹೇಳಿದ್ದ ಮಾತು. ಅದೇ ಕಾಯಿಲೆ ನಮ್ಮ ಪುಸ್ತಕಗಳಲ್ಲಿ, ಜಯಕ್ಕನದೇ ಅಕ್ಷರದಲ್ಲಿ, ಬರೆದುಕೊಂಡು ಕೂತಿತ್ತು. ನಾನು ಅದನ್ನು ತೆಳು ಕಾಗದದಿಂದ ಒರೆಸಿ ಹಾಕಿದ್ದೆ.

ಮಾರನೆಯ ದಿನ ಮೇಷ್ಟ್ರ ಮೇಜಿನ ಮುಂದೆ ನಿಂತೆ. ಕೊಡದೆ ಉಳಿದಿದ್ದ ಒಂದು ಚೀಟಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ.

"ಎಷ್ಟು ಪ್ಲೇಟು?" ಅಂದರು.

"ಹನ್ನೊಂದು ಸಾರ್."

ಕನ್ನಡಕ ತೆಗೆದು ಚೀಟಿಯ ಪಕ್ಕದಲ್ಲಿಟ್ಟರು. ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಹೊರುವುದು ಸುಲಭವಾಗುತ್ತಿತ್ತು. "ಆ ಹುಡುಗ ಅಂಚು ಅಂದಾಗ ನನಗೆ ಅನುಮಾನ ಬಂದಿತ್ತಮ್ಮ. ಇನ್ನೆರಡು ಪ್ಲೇಟು ಹಾಗೇ ಬಂದರೆ ನಾನೇ ಜಯಮ್ಮನ್ನ ಕರ್ಕೊಂಡು ಹೋಗಿ ಕಣ್ಣು ತೋರಿಸೋಣ ಅಂತಿದ್ದೆ. ಸರಿಯಾಗಿಬಿಟ್ಟಿತು, ಸುಮ್ಮನಾದೆ." ಚೀಟಿಯನ್ನು ಮಡಿಸುತ್ತ ಕೇಳಿದರು. "ಹೆಚ್ಚುಕಮ್ಮಿ ಅಂದರೆ ಕೆಟ್ಟದ್ದು ಅಂತ ತಿಳ್ಕೊಂಡ್ರಾ ನೀವಿಬ್ಬರೂ?"

ನಾನು ಹೌದು ಅಂತ ತಲೆ ಆಡಿಸಿದೆ.

"ಈ ಮನೇಲಿ ನಿಜ ಹೇಳ್ತಿದ್ದದ್ದು ಅದೊಂದೇ ಕಣಮ್ಮ. ಅದರ ಬಾಯನ್ನೇ ಮುಚ್ಚಿಸಿಬಿಟ್ರಿ." ಆಮೇಲೆ ತಮಗೇ ಹೇಳಿಕೊಳ್ಳುವವರ ಹಾಗೆ, "ಆ ಪದ ನಾನು ಇಡಬಾರದಿತ್ತು" ಅಂದರು.

ರಾಜಶೇಖರನ ಪ್ರಬಂಧ ಆಗಲೇ ಟೈಪಿಗೆ ಹೋಗಿತ್ತು. ಅದನ್ನು ವಾಪಸು ತಂದರು. ಜಯಕ್ಕ ನನ್ನ ಕಣ್ಣಿನಿಂದಲೇ ನೋಡಿದ್ದರಿಂದ, ನಾನು ಬಿಟ್ಟದ್ದನ್ನೆಲ್ಲ ಅವರೂ ಬಿಟ್ಟಿದ್ದರು. ಇಬ್ಬರೂ ಕಾಣದ್ದು ಎಷ್ಟಿದೆ ಅನ್ನುವ ಲೆಕ್ಕವೇ ಸುಳ್ಳಾಗಿತ್ತು. ಹನ್ನೊಂದು ಪ್ಲೇಟನ್ನೂ ರಾಜಶೇಖರ ಜಯಕ್ಕನ ಸೂಕ್ಷ್ಮದರ್ಶಕದ ಮುಂದೆ ಕೂತು ತಾನೇ ಮತ್ತೆ ನೋಡಿದ. ಧನುರ್ಮಾಸದ ಚಳಿಯಲ್ಲಿ, ಶಾಲು ಹೊದ್ದು. ನಾನು ಕಾಣದ ಚುಕ್ಕಿಗಳು ಅವನಿಗೆ ಬೇಕಾದಷ್ಟು ಸಿಕ್ಕವು. ಸಂಖ್ಯೆ ಇಳಿಯಿತು, ಹೆಚ್ಚುಕಮ್ಮಿ ಮೂರು ಪಟ್ಟಾಯಿತು, ಹೊರಗಿನವರ ಸಂಖ್ಯೆಯ ಮೈಮೇಲೆ ಹೋಗಿ ಕೂತಿತು. ಹೊಸದೇನೂ ಸಿಕ್ಕಿರಲಿಲ್ಲ. ಅವನು ನನ್ನ ಜೊತೆ ಮತ್ತೆ ಮಾತಾಡಿದ್ದು ಶಿವರಾತ್ರಿ ಕಳೆದ ಮೇಲೆ. ಆಗಲೂ ನನ್ನನ್ನು ದೂರಲಿಲ್ಲ. "ಅಂಚು ಅಂತ ಕಂಡಿದ್ದು ನನಗೆ ಗಿರಿಜಾ ಅವರೇ. ಆಕಸ್ಮಿಕ ಅಂತ ಬಿಟ್ಟುಬಿಟ್ಟಿದ್ದೂ ನಾನೇ. ನನಗೂ ತೊಂಬತ್ತಾರು ಬೇಕಾಗಿತ್ತಲ್ಲ" ಅಂದ.

ಜಯಕ್ಕನಿಗೆ ಆಪರೇಷನ್ ಆಯಿತು, ಫಲ ಕೊಡಲಿಲ್ಲ. ಯುಗಾದಿಯ ಹೊತ್ತಿಗೆ ಬೆಳಕು ಇದೆ, ಬೆಳಕು ಇಲ್ಲ ಅನ್ನುವುದಷ್ಟೇ ಉಳಿಯಿತು. ಬೇವು ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಅಂಚಿನ ವಿಷಯ, ಮೇಷ್ಟ್ರು ಕಣ್ಣು ತೋರಿಸಬೇಕೆಂದಿದ್ದ ವಿಷಯ, ನಾನು ಬೆರಳಿಟ್ಟು ಬಿಟ್ಟ ನಾಲ್ಕೈದು ಚುಕ್ಕಿಯ ವಿಷಯ, ಎಲ್ಲವನ್ನೂ ಆವತ್ತು ಹೇಳಿದೆ. ಅವರು ಬೇವನ್ನು ಅಗಿಯುತ್ತಲೇ ಇದ್ದರು.

"ನಾ ಕೇಳ್ದೆ, ನೀ ಕೊಟ್ಟೆ. ಬುಡು" ಅಂದರು.

ಆಮೇಲೆ ನಾವು ಆ ಮಾತು ಎತ್ತಲಿಲ್ಲ. ಅಂಥ ಪ್ಲೇಟುಗಳು ಬರುವುದು ನಿಂತು ಗೋಕುಲಂನ ಆ ಮನೆ ಖಾಲಿಯಾಯಿತು. ಮೇಷ್ಟ್ರು ನಿವೃತ್ತರಾದರು. ನನಗೆ ಒಂದು ರಕ್ತಪರೀಕ್ಷೆಯ ಕೇಂದ್ರದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆಯೇ ಕೆಲಸ ಸಿಕ್ಕಿತು. ಭಾನುವಾರ ಮಾತ್ರ ಮೇಟಗಳ್ಳಿಗೆ ತಪ್ಪದೆ ಹೋಗುತ್ತಿದ್ದೆ. ಜಯಕ್ಕ ವಾರದ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಬೆರಳಲ್ಲೇ ಆರಿಸಿ, ನನ್ನ ಕೈಗೆ ಕೊಡುತ್ತಿದ್ದರು. ನಾನು ಇನ್ನೊಂದು ಸಲ ಆರಿಸಬೇಕು. ಎಷ್ಟು ಕಲ್ಲು ಸಿಕ್ಕಿತು ಅಂತ ಕೇಳಿದರೆ, ಎಷ್ಟೇ ಸಿಕ್ಕಿರಲಿ, "ಒಂದೂ ಇಲ್ಲ ಕಣಕ್ಕ, ನಿಮ್ಮ ಬೆರಳಿಗೇ ಕಣ್ಣಿದೆ" ಅನ್ನುತ್ತಿದ್ದೆ. ಆರಿಸಿದ ಕಲ್ಲನ್ನು ಸದ್ದಾಗದ ಹಾಗೆ ಸೆರಗಿಗೆ ಹಾಕಿಕೊಳ್ಳುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ, ಮಂಜುಳ ಸ್ಕೂಲಿನಲ್ಲಿ ಟೀಚರಾಗಿದ್ದಾಗ, ಅವಳನ್ನು ಒತ್ತಾಯ ಮಾಡಿ ಅದೇ ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದೆ. ಮೊದಲ ಸಲ ಅಲ್ಲಲ್ಲಿ ಎರಡು ಮಿಣುಕು ತಪ್ಪಿದ್ದವು. "ಏನಿಲ್ಲ ಬಿಡಿ, ಸುಸ್ತಾಗಿರ್ಬೇಕು" ಅಂದಳು ಮಂಜುಳ. ಯಂತ್ರ ನಡೆಸುವ ಹುಡುಗಿ ಒಪ್ಪಲಿಲ್ಲ. "ಒಂದೇ ಸಲ ನೋಡಿ ಹೇಳೋಕಾಗಲ್ಲ ಮೇಡಂ, ವಾರ ಬಿಟ್ಟು ಬನ್ನಿ" ಅಂದಳು. ವಾರ ಬಿಟ್ಟು ಹೋದಾಗಲೂ ಅವೇ ಎರಡು ಜಾಗ, ಅಂಚಿನಲ್ಲಿ. ಆವತ್ತಿನಿಂದಲೇ ಕಣ್ಣಿಗೆ ಹನಿ ಹಾಕುವುದು ಶುರುವಾಯಿತು. ಡಾಕ್ಟರು, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಅಂದರು.

ಆ ಭಾನುವಾರ ಜಯಕ್ಕ ಎಂದಿನಂತೆ ಮೊರ ನನ್ನ ಕೈಗೆ ಕೊಟ್ಟರು. ನಾನು ಜಗಲಿಯ ಬೆಳಕಿಗೆ ಹಿಡಿದು ಆರಿಸಿದೆ. ಅವರು ಗೋಡೆಗೆ ಒರಗಿ ಕೂತು ಕೇಳಿದರು.

"ಎಷ್ಟು ಸಿಕ್ತೆ, ಏಳು."

"ಏಳು" ಅಂದೆ.

"ಆಡ್ಕಬ್ಯಾಡ ಕಣೆ. ಸರ್ಯಾಗಿ ಏಳು."

"ಏಳೇ ಕಣಕ್ಕ. ಏಳು ಕಲ್ಲು ಸಿಕ್ಕಿತು."

ಅಂಗೈ ಚಾಚಿದರು. ಏಳನ್ನೂ ಅವರ ಅಂಗೈಗೆ ಹಾಕಿದೆ. ಇನ್ನೊಂದು ಕೈಯ ಬೆರಳಲ್ಲಿ ಒಂದೊಂದನ್ನೇ ಮುಟ್ಟಿ ಎಣಿಸಿದರು.

"ಅಂಗಾದ್ರೆ ಇನ್ನೂ ಅವೆ" ಅಂದರು ಜಯಕ್ಕ. ಕಲ್ಲನ್ನು ಪಕ್ಕಕ್ಕಿಟ್ಟು, ಮೊರವನ್ನು ಮತ್ತೆ ತಮ್ಮ ತೊಡೆಯ ಮೇಲೆ ಎಳೆದುಕೊಂಡರು.